30 ಮೀಟರ್ ನೀರಿನಡಿ: ದೈಚಿ ಸುಜುಕಿ ಗೆದ್ದದ್ದು ಹೇಗೆ, ಆಮೇಲೆ ಏನಾಯಿತು?

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಕ್ಲಬ್ಬಿನಲ್ಲಿ ಬ್ಯಾಕ್‌ಸ್ಟ್ರೋಕ್ (ಬೆನ್ನ ಮೇಲೆ ಮಲಗಿ ಈಜುವ ಶೈಲಿ) ಅಭ್ಯಾಸ ಮಾಡುತ್ತಿದ್ದಾಳೆ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ದೈಚಿ ಸುಜುಕಿ ಮೊದಲ 30 ಮೀಟರ್ ನೀರಿನಡಿಯಲ್ಲೇ ಸಾಗಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಗೆದ್ದರು ಎಂದು ಓದಿದೆವು. ವಿಶ್ವದಾಖಲೆ ಇದ್ದವರನ್ನೇ ಸೋಲಿಸಿದ್ದು ಹೇಗೆ? ನಿಯಮ ಬದಲಾದದ್ದು ಅವರಿಂದಲೇ? ಆಮೇಲೆ ಅವರು ಇನ್ನೊಂದು ಒಲಿಂಪಿಕ್ಸ್ ಯಾಕೆ ಗೆಲ್ಲಲಿಲ್ಲ? ಮಗಳು ನೀರಿನಡಿ ಎಷ್ಟು ದೂರ ಹೋಗುವುದನ್ನು ಕಲಿಯಬೇಕು?

ಉತ್ತರ: ಆ ಫೈನಲ್‌ನಲ್ಲಿ ಸುಜುಕಿಗಿಂತ ಹೆಚ್ಚು ದೂರ ನೀರಿನಡಿ ಹೋದವರೊಬ್ಬರಿದ್ದರು, ಅಮೆರಿಕದ ಡೇವಿಡ್ ಬರ್ಕಾಫ್. ಅವರಿಗೆ ಸಿಕ್ಕಿದ್ದು ಬೆಳ್ಳಿ. ಹಾಗಾಗಿ ‘ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೋ ಅವರಿಗೆ ಗೆಲುವು’ ಎಂದು ಈ ಕಥೆಯನ್ನು ಓದಿದರೆ ತಪ್ಪಾಗುತ್ತದೆ. ತಮ್ಮ ದೇಹಕ್ಕೆ ನೀರಿನಡಿ ಎಷ್ಟು ಕಿಕ್ (ಕಾಲಿನ ಒದೆತ) ಲಾಭ, ಎಷ್ಟರ ನಂತರ ನಷ್ಟ ಎಂಬುದು ಸುಜುಕಿಗೂ ಅವರ ಕೋಚ್‌ಗೂ ನಿಖರವಾಗಿ ಗೊತ್ತಿತ್ತು. ಆ ಲೆಕ್ಕವನ್ನು ಸರಿಯಾದ ಒಂದೇ ದಿನ ಅವರು ಬದಲಿಸಿದರು. ನಿಮ್ಮ ಮಗಳಿಗೆ ಬೇಕಾದದ್ದೂ ಅದೇ ಲೆಕ್ಕ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸುಜುಕಿ ಹುಟ್ಟಿದ್ದು 1967ರ ಮಾರ್ಚ್ 10ರಂದು, ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದ ನರಾಶಿನೊದಲ್ಲಿ. ಅವರು ಬೆಳೆದ ವ್ಯವಸ್ಥೆಯ ಹಿನ್ನೆಲೆ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಮೂರೂ ಪದಕ ಜಪಾನಿಗೇ ಹೋಗಿದ್ದವು: ಮಸಾಜಿ ಕಿಯೊಕಾವಾ ಚಿನ್ನ, ತೊಶಿಯೊ ಇರಿಯೆ ಬೆಳ್ಳಿ, ಕೆಂತಾರೊ ಕವಾತ್ಸು ಕಂಚು. ಅಂಥ ದೇಶ 1964ರಲ್ಲಿ ತನ್ನದೇ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಸಿದಾಗ ಈಜಿನಲ್ಲಿ ದಕ್ಕಿದ್ದು ರಿಲೇಯ ಒಂದೇ ಒಂದು ಕಂಚು. ಶಾಲೆಯ ಬಯಲು ಕೊಳದಲ್ಲಿ ಬೇಸಿಗೆಯಷ್ಟೇ ಈಜಿದರೆ ಸಾಲದು ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ವರ್ಷವಿಡೀ ಈಜಬಹುದಾದ ಒಳಾಂಗಣ ಕೊಳಗಳ ಖಾಸಗಿ ಕ್ಲಬ್‌ಗಳು ಆ ನಂತರ ಹುಟ್ಟಿಕೊಂಡವು. ಅವುಗಳಲ್ಲೊಂದು ಸೆಂಟ್ರಲ್ ಸ್ಪೋರ್ಟ್ಸ್. ಅಲ್ಲಿನ ಕೋಚ್ ಯೋಜಿ ಸುಜುಕಿ ಅವರ ಕೈಯಲ್ಲಿ ದೈಚಿ ಪಳಗಿದರು. ಇಬ್ಬರ ಕುಲನಾಮವೂ ಒಂದೇ ಆದ್ದರಿಂದ ಗೊಂದಲ ಬೇಡ, ಇಲ್ಲಿ ಗುರುವನ್ನು ಯೋಜಿ ಎಂದೇ ಕರೆಯುತ್ತೇನೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಹೋದಾಗ ದೈಚಿ 17ರ ಹೈಸ್ಕೂಲು ಹುಡುಗ. ಪದಕದ ಫೈನಲ್‌ಗೆ ಬರಲಿಲ್ಲ. ಆಮೇಲೆ ಜುಂತೆಂದೊ ವಿಶ್ವವಿದ್ಯಾಲಯ ಸೇರಿದರು. 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್ ಚಿನ್ನ, 1987ರಲ್ಲಿ ಜಾಗ್ರೆಬ್‌ನ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟದಲ್ಲಿ ಮತ್ತೊಂದು ಚಿನ್ನ. ಏಷ್ಯಾಕ್ಕೆ ದೊಡ್ಡವರೇ. ಆದರೆ ಜಗತ್ತಿನ ಮಟ್ಟದಲ್ಲಿ ಆ ಹೊತ್ತಿಗೆ ಬ್ಯಾಕ್‌ಸ್ಟ್ರೋಕ್ ಸೋವಿಯತ್ ಒಕ್ಕೂಟದ ಇಗೋರ್ ಪೊಲ್ಯಾನ್‌ಸ್ಕಿ ಕೈಯಲ್ಲಿತ್ತು. 1986ರ ವಿಶ್ವ ಚಾಂಪಿಯನ್ ಅವರು. 1988ರಲ್ಲಿ 100 ಮೀಟರ್ ವಿಶ್ವದಾಖಲೆಯನ್ನು 55.00 ಸೆಕೆಂಡಿಗೆ ತಂದು ನಿಲ್ಲಿಸಿದ್ದರು. ಅದೇ ಆಗಸ್ಟ್‌ನಲ್ಲಿ ಹಾರ್ವರ್ಡ್ ವಿದ್ಯಾರ್ಥಿ ಬರ್ಕಾಫ್ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಅದನ್ನು 54.91ಕ್ಕೆ ಇಳಿಸಿದರು. ಬರ್ಕಾಫ್ ಜಿಗಿದರೆ ಸುಮಾರು 35 ಮೀಟರ್‌ವರೆಗೆ ತಲೆಯೇ ಕಾಣುತ್ತಿರಲಿಲ್ಲ.

ನೀರಿನಡಿ ಹೋದರೆ ಯಾಕೆ ಲಾಭ? ನೀರಿನ ಮೇಲೆ ಈಜುವಾಗ ದೇಹ ಮುಂದೆ ಅಲೆ ಎಬ್ಬಿಸುತ್ತದೆ, ಆ ಅಲೆ ಎಬ್ಬಿಸುವುದಕ್ಕೇ ಶಕ್ತಿಯ ಒಂದು ದೊಡ್ಡ ಪಾಲು ಖರ್ಚಾಗುತ್ತದೆ. ಅರ್ಧ ಮೀಟರಿಗಿಂತ ಸ್ವಲ್ಪ ಕೆಳಗೆ ಇಳಿದರೆ ಅಲೆಯ ತಡೆ ಬಹುಪಾಲು ಇಲ್ಲವಾಗುತ್ತದೆ. ಕೈ ಚಾಚಿ, ಅಂಗೈ ಮೇಲೆ ಅಂಗೈ ಇಟ್ಟು, ದೇಹವನ್ನು ಒಂದೇ ಗೆರೆಯಾಗಿಸಿ, ಎದೆಯ ಕೆಳಭಾಗದಿಂದ ಪಾದದವರೆಗೆ ಅಲೆಯಂತೆ ಒದೆಯುವ ಡಾಲ್ಫಿನ್ ಕಿಕ್ ಚೆನ್ನಾಗಿ ಬಂದವರು ಮೇಲಿನ ಸ್ಟ್ರೋಕ್‌ಗಿಂತ ವೇಗವಾಗಿ ಹೋಗಬಲ್ಲರು. ಬೆನ್ನ ಮೇಲೆ ಮಲಗಿ ಮಾಡುವ ಈ ಕಿಕ್‌ಗೆ ಜಪಾನಿನಲ್ಲಿ ‘ಬಸಾರೊ’ ಎನ್ನುತ್ತಾರೆ. 1978ರ ವಿಶ್ವ ಚಾಂಪಿಯನ್, ಪೋರ್ಟೊರಿಕೊ ಮೂಲದ ಅಮೆರಿಕನ್ ಈಜುಪಟು ಜೆಸ್ಸಿ ವಸಾಯೊ ಅವರ ಹೆಸರಿನಿಂದ ಬಂದದ್ದು.

ಲಾಭದ ಜೊತೆಗೆ ಬೆಲೆಯೂ ಇದೆ. ತೊಡೆ, ಸೊಂಟದ ಸ್ನಾಯುಗಳು ದೇಹದಲ್ಲೇ ದೊಡ್ಡವು, ಆಮ್ಲಜನಕವನ್ನು ಅತಿ ಹೆಚ್ಚು ಬೇಡುವಂಥವು. ಆ ಹೊತ್ತಿನಲ್ಲೇ ಉಸಿರು ಕಟ್ಟಿರುತ್ತದೆ. 30 ಮೀಟರ್ ಎಂದರೆ ಸುಮಾರು 15 ಸೆಕೆಂಡ್ ಪೂರ್ಣ ಶಕ್ತಿಯಲ್ಲಿ ಒದೆಯುತ್ತಾ ಉಸಿರಿಲ್ಲದೆ ಇರಬೇಕು. ಮೇಲೆ ಬಂದ ಮೇಲೆ ಇನ್ನೂ 70 ಮೀಟರ್ ಬಾಕಿ. ಒಂದೆರಡು ಕಿಕ್ ಹೆಚ್ಚಾದರೂ ಅದರ ಫಲ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ಕೊನೆಯ 15 ಮೀಟರ್‌ನಲ್ಲಿ ಕೈ ಏಳದೆ ಗೊತ್ತಾಗುತ್ತದೆ.

ಈಗ 1988ರ ಸೆಪ್ಟೆಂಬರ್ 24ಕ್ಕೆ ಬನ್ನಿ, ಸಿಯೋಲ್‌ನ ಜಮ್‌ಸಿಲ್ ಒಳಾಂಗಣ ಈಜುಕೊಳ. ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಯಾರೆಂದು ಆರಿಸುವ ಮೊದಲ ಸುತ್ತಿನಲ್ಲಿ, ಬರ್ಕಾಫ್ 54.51 ಸೆಕೆಂಡಿನ ಹೊಸ ವಿಶ್ವದಾಖಲೆ ಬರೆದರು. ಸುಜುಕಿಯ ಹೀಟ್ಸ್ ಸಮಯ 55.90. ಅಂತರ 1.39 ಸೆಕೆಂಡ್. 100 ಮೀಟರ್‌ನಲ್ಲಿ ಇದು ಎರಡೂವರೆ ಮೀಟರ್, ಅಂದರೆ ಇಡೀ ಒಂದು ಮೈಯುದ್ದಕ್ಕಿಂತ ಹೆಚ್ಚು. ಎಂದಿನಂತೆ ಈಜಿದರೆ ಗೆಲುವಿನ ಮಾತೇ ಇರಲಿಲ್ಲ.

ಸುಜುಕಿಯ ವಾಡಿಕೆ 21 ಕಿಕ್, ಸುಮಾರು 25 ಮೀಟರ್. ಫೈನಲ್‌ಗೆ ಗುರು-ಶಿಷ್ಯ ಇದನ್ನು 27 ಕಿಕ್, ಸುಮಾರು 30 ಮೀಟರ್‌ಗೆ ಏರಿಸಿದರು. ಈ ಎರಡು ಜೋಡಿ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಚ್ಚುವರಿ ಕಿಕ್ 6, ಹೆಚ್ಚುವರಿ ದೂರ 5 ಮೀಟರ್. ಅಂದರೆ ಪ್ರತಿ ಕಿಕ್‌ಗೆ ಸುಮಾರು 83 ಸೆಂಟಿಮೀಟರ್. ಅದೇ ದರದಲ್ಲಿ ಹಿಂದಕ್ಕೆ ಹೋದರೆ 21 ಕಿಕ್‌ಗೆ 17.5 ಮೀಟರ್. ಉಳಿದ 7.5 ಮೀಟರ್ ಅವರಿಗೆ ಸಿಗುತ್ತಿದ್ದದ್ದು ಗೋಡೆಯನ್ನು ಒದ್ದ ಬಲ, ಗಾಳಿಯಲ್ಲಿನ ಜಿಗಿತ ಮತ್ತು ನೀರಿಗಿಳಿದ ಮೇಲಿನ ಜಾರುವಿಕೆಯಿಂದ. ದೂರಗಳು ದುಂಡು ಅಂಕಿಗಳಾದ್ದರಿಂದ ಸೆಂಟಿಮೀಟರ್‌ಗೆ ಅಂಟಿಕೊಳ್ಳಬೇಕಿಲ್ಲ, ಆದರೆ ಚಿತ್ರ ಸ್ಪಷ್ಟವಾಗಿದೆ: ದೀರ್ಘ ನೀರಿನಡಿಯ ಈಜಿನಲ್ಲೂ ಕಾಲು ಭಾಗದಷ್ಟಾದರೂ ದೂರ ಬರುವುದು ಮೊದಲ ಒದೆತದಿಂದ. ಆಗ ಇಂದಿನಂತೆ ಕಾಲಿಡಲು ಲೆಡ್ಜ್ ಇರಲಿಲ್ಲ. ಬ್ಯಾಕ್‌ಸ್ಟ್ರೋಕ್ ಲೆಡ್ಜ್ ಒಲಿಂಪಿಕ್ಸ್‌ಗೆ ಬಂದದ್ದು 2016ರ ರಿಯೋದಲ್ಲಿ. ಸುಜುಕಿಯ ಕಾಲದಲ್ಲಿ ಗೋಡೆಗೆ ಹಚ್ಚಿದ, ಸಮಯ ದಾಖಲಿಸುವ ನುಣುಪಾದ ಟಚ್‌ಪ್ಯಾಡ್ ಮೇಲೆ ಪಾದ ಒತ್ತಿ ಜಿಗಿಯಬೇಕಿತ್ತು. ಸ್ವಲ್ಪ ಜಾರಿದರೂ ಜಿಗಿತ ಹೋಯಿತು.

ಆ ಹೆಚ್ಚುವರಿ 5 ಮೀಟರಿನ ಬೆಲೆ ಎಷ್ಟು? ಮೇಲೆ ಈಜುವ ವೇಗ ಸೆಕೆಂಡಿಗೆ 1.8 ಮೀಟರ್, ನೀರಿನಡಿಯ ವೇಗ 1.9 ಎಂದಿಟ್ಟುಕೊಳ್ಳಿ. ಇದು ಅಳತೆಯಲ್ಲ, ಲೆಕ್ಕಕ್ಕಾಗಿ ಹಿಡಿದದ್ದು. 5 ಮೀಟರಿಗೆ ಮೊದಲಿನದು 2.78 ಸೆಕೆಂಡ್, ಎರಡನೆಯದು 2.63. ಉಳಿತಾಯ 0.15. ಅತ್ಯಲ್ಪ ಅನ್ನಿಸಬಹುದು. ಫಲಿತಾಂಶ ನೋಡಿ: ಸುಜುಕಿ 55.05, ಬರ್ಕಾಫ್ 55.18, ಪೊಲ್ಯಾನ್‌ಸ್ಕಿ 55.20, ನಾಲ್ಕನೆಯವರಾದ ಸೋವಿಯತ್‌ನ ಸೆರ್ಗೆಯ್ ಜಬೊಲೊತ್ನೊವ್ 55.37. ಚಿನ್ನಕ್ಕೂ ಬೆಳ್ಳಿಗೂ ನಡುವಿನ 0.13 ಸೆಕೆಂಡನ್ನು ದೂರಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಒಂದು ಗೇಣು.

ಆದರೆ ಪೂರಾ ಗೆಲುವನ್ನು ಆ 6 ಕಿಕ್‌ಗಳ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಹೀಟ್ಸ್‌ಗಿಂತ ಸುಜುಕಿ 0.85 ಸೆಕೆಂಡ್ ವೇಗವಾಗಿ ಈಜಿದರು, ಬರ್ಕಾಫ್ 0.67 ಸೆಕೆಂಡ್ ನಿಧಾನವಾಗಿ. ಎರಡೂ ಸೇರಿದ್ದರಿಂದ 1.39ರ ಕಂದಕ ಮುಚ್ಚಿ ಇನ್ನೂ 0.13 ಮಿಕ್ಕಿತು. ಬರ್ಕಾಫ್ ತಮ್ಮ ಎಲ್ಲವನ್ನೂ ಹೀಟ್ಸ್‌ನಲ್ಲೇ ತೋರಿಸಿಬಿಟ್ಟಿದ್ದರು. ಸುಜುಕಿ ಹೀಟ್ಸ್‌ನಲ್ಲಿ ಫೈನಲ್ ಸೇರಲು ಬೇಕಾದಷ್ಟನ್ನೇ ಈಜಿ ಉಳಿದದ್ದನ್ನು ಒಳಗಿಟ್ಟುಕೊಂಡಿದ್ದರು. ನನ್ನ ಅಭಿಪ್ರಾಯದಲ್ಲಿ ಈ ರೇಸ್‌ನ ಅತಿ ಜಾಣ ನಡೆ ಅದು. ಇನ್ನೊಂದು ವಿಷಯ, ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಖ ಮೇಲಿರುವುದರಿಂದ ಪಕ್ಕದ ಲೇನಿನವರು ಎಲ್ಲಿದ್ದಾರೆಂದು ಕಣ್ಣಂಚಿಗೆ ಕಾಣುತ್ತದೆ. ಎಲ್ಲರಿಗಿಂತ ಒಂದು ಮೈಯುದ್ದ ಮುಂದೆ ಮೇಲೇಳುವುದು ರೂಢಿಯಾಗಿದ್ದವರಿಗೆ ಎದುರಾಳಿಯೂ ಹತ್ತಿರದಲ್ಲೇ ಮೇಲೆದ್ದದ್ದು ಕಂಡರೆ ಲಯ ಕಾಯ್ದುಕೊಳ್ಳುವುದು ಸುಲಭವಲ್ಲ.

ಮುಗಿತಾಯವೂ ಮುಖ್ಯ. ಬ್ಯಾಕ್‌ಸ್ಟ್ರೋಕ್‌ನಲ್ಲಿ ಗೋಡೆ ಕಾಣುವುದಿಲ್ಲ. ಗೋಡೆಗೆ 5 ಮೀಟರ್ ಇರುವಲ್ಲಿ, ನೀರಿನಿಂದ 1.8 ಮೀಟರ್ ಎತ್ತರದಲ್ಲಿ ಕಟ್ಟಿದ ಪುಟ್ಟ ಬಾವುಟಗಳ ಸಾಲು ತಲೆ ದಾಟಿದ ಕೂಡಲೇ ಸ್ಟ್ರೋಕ್ ಎಣಿಸಬೇಕು. ಕೊನೆಯ ಸ್ಟ್ರೋಕ್ ಅರ್ಧಕ್ಕೆ ಬಂದು ಕೈ ಚಾಚಿ ಜಾರಿದರೆ ಒಂದು ಗೇಣು ಅಲ್ಲೇ ಹೋಗುತ್ತದೆ. ಪೂರ್ತಿ ಚಾಚಿದ ಕೈ, ಬೆರಳ ತುದಿ, ತಲೆ ಹಿಂದಕ್ಕೆ: ಮೂರೂ ಒಂದೇ ಕ್ಷಣಕ್ಕೆ ಕೂಡಬೇಕು. ಮೂವರು 0.15 ಸೆಕೆಂಡಿನೊಳಗೆ ಮುಗಿಸಿದ ರೇಸ್‌ನಲ್ಲಿ ಇದರ ತೂಕ ಎಷ್ಟೆಂದು ಬೇರೆ ಹೇಳಬೇಕಿಲ್ಲ.

1972ರ ಮ್ಯೂನಿಕ್‌ನಲ್ಲಿ ನೊಬುತಾಕಾ ತಗುಚಿ ಮತ್ತು ಮಯೂಮಿ ಅಓಕಿ ಗೆದ್ದ ಮೇಲೆ 16 ವರ್ಷ ಜಪಾನಿಗೆ ಈಜಿನಲ್ಲಿ ಚಿನ್ನವಿರಲಿಲ್ಲ. ಪುರುಷರ ಬ್ಯಾಕ್‌ಸ್ಟ್ರೋಕ್‌ನಲ್ಲಂತೂ ಕಿಯೊಕಾವಾ ನಂತರ 56 ವರ್ಷ. ಸುಜುಕಿಯ ಹೆಸರು ಅಲ್ಲಿ ಮನೆಮಾತಾದದ್ದು ಹಾಗೆ.

ನಿಯಮದ ಪ್ರಶ್ನೆ. ಸಿಯೋಲ್‌ನಲ್ಲಿ ಅವರು ಮಾಡಿದ್ದು ಆಗಿನ ನಿಯಮಕ್ಕೆ ಪೂರ್ತಿ ಒಳಪಟ್ಟಿತ್ತು. ಬೆನ್ನ ಮೇಲಿರಬೇಕು ಎಂದಷ್ಟೇ ಇತ್ತು, ನೀರಿನಡಿಯ ದೂರಕ್ಕೆ ಮಿತಿಯೇ ಇರಲಿಲ್ಲ. ನಿಯಮ ಬದಲಾದದ್ದು ಸುಜುಕಿ ಒಬ್ಬರಿಂದಲ್ಲ. ಬರ್ಕಾಫ್ ಇನ್ನೂ ದೂರ ಹೋಗುತ್ತಿದ್ದರು, ಮಿಕ್ಕವರೂ ಅದೇ ದಾರಿ ಹಿಡಿಯುತ್ತಿದ್ದರು. ಹೀಗೆ ಬಿಟ್ಟರೆ ಬ್ಯಾಕ್‌ಸ್ಟ್ರೋಕ್ ಸ್ಪರ್ಧೆ ಉಸಿರು ಕಟ್ಟುವ ಸ್ಪರ್ಧೆಯಾಗುತ್ತದೆ ಎಂಬ ಆತಂಕ ಹುಟ್ಟಿತು. ಸಿಯೋಲ್ ಮುಗಿಯುತ್ತಿದ್ದಂತೆ ಅಂತರರಾಷ್ಟ್ರೀಯ ಈಜು ಒಕ್ಕೂಟ ಮಿತಿಯನ್ನು 10 ಮೀಟರ್ ಮಾಡಿತು, 1991ರಲ್ಲಿ ಅದನ್ನು 15 ಮೀಟರ್‌ಗೆ ಸಡಿಲಿಸಿತು. ಇಂದಿಗೂ ಅದೇ 15. ಸ್ಟಾರ್ಟ್ ಆದಮೇಲೂ ಪ್ರತಿ ಟರ್ನ್ (ಗೋಡೆ ಮುಟ್ಟಿ ಹಿಂದಿರುಗುವ ತಿರುವು) ಆದಮೇಲೂ 15 ಮೀಟರ್ ಗುರುತಿನೊಳಗೆ ತಲೆ ನೀರಿನ ಮೇಲೆ ಬಂದಿರಬೇಕು, ಇಲ್ಲವಾದರೆ ಅನರ್ಹತೆ. ಫ್ರೀಸ್ಟೈಲ್, ಬಟರ್‌ಫ್ಲೈಗೂ 1998ರಲ್ಲಿ ಇದೇ ಮಿತಿ ಬಂತು.

1991ರಲ್ಲೇ ಇನ್ನೊಂದು ಬದಲಾವಣೆ ಆಯಿತು, ಅದರ ಮಾತು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಅಲ್ಲಿಯತನಕ ಟರ್ನ್‌ನಲ್ಲೂ ಬೆನ್ನ ಮೇಲಿದ್ದುಕೊಂಡೇ ಗೋಡೆ ಮುಟ್ಟಿ ಆಮೇಲೆ ಕಾಲು ತಿರುಗಿಸಬೇಕಿತ್ತು. ಹೊಸ ನಿಯಮದಲ್ಲಿ ಗೋಡೆಯ ಹತ್ತಿರ ಮಗುಚಿ, ಫ್ರೀಸ್ಟೈಲಿನಂತೆ ಪಲ್ಟಿ ಹೊಡೆದು ಕಾಲಿನಿಂದಷ್ಟೇ ಮುಟ್ಟಿದರೆ ಸಾಕು. ನೀರಿನಡಿಯ ದೂರ ಅರ್ಧಕ್ಕಿಳಿದರೂ ಸಮಯಗಳು ಕೆಟ್ಟುಹೋಗದೆ ಉತ್ತಮವಾದದ್ದಕ್ಕೆ ಇದೊಂದು ದೊಡ್ಡ ಕಾರಣ. ಅಮೆರಿಕದ ಜೆಫ್ ರೌಸ್ 1991ರಲ್ಲಿ 53.93 ಈಜಿ ಬರ್ಕಾಫ್ ದಾಖಲೆ ಮುರಿದರು. ಸಿಯೋಲ್‌ನಲ್ಲಿ ಐದನೆಯವರಾಗಿದ್ದ ಕೆನಡಾದ ಮಾರ್ಕ್ ಟ್ಯೂಕ್ಸ್‌ಬರಿ 1992ರ ಬಾರ್ಸಿಲೋನಾದಲ್ಲಿ 53.98ಕ್ಕೆ ಚಿನ್ನ ಗೆದ್ದರು. ರೌಸ್‌ಗಿಂತ 0.06 ಸೆಕೆಂಡ್ ಮುಂದೆ.

ಆ ಹೊತ್ತಿಗೆ ಸುಜುಕಿ ಎಲ್ಲಿದ್ದರು? ಅವರ ಬಲವಾದ ಅಸ್ತ್ರವನ್ನೇ ನಿಯಮ ಮೊಟಕುಗೊಳಿಸಿತ್ತು. 30 ಮೀಟರ್ ನೀರಿನಡಿ, 70 ಮೀಟರ್ ಮೇಲೆ ಎಂದು ಹದಗೊಳಿಸಿದ್ದ ದೇಹವನ್ನು ಹೆಚ್ಚು ದೂರ ಮೇಲೆಯೇ ಈಜುವಂತೆ ಮತ್ತೆ ಕಟ್ಟಬೇಕಿತ್ತು. ಭುಜದ ಸಹನಶಕ್ತಿ, ಸ್ಟ್ರೋಕ್ ದರ, ಉಸಿರಾಟದ ಲಯ ಎಲ್ಲವೂ ಬೇರೆ. ಹೊಸ ಟರ್ನ್ ಕಲಿತು ಬೆಳೆದ ಕಿರಿಯರು ಬೇರೆ ಬಂದರು. ಸಿಯೋಲ್‌ನ ಹದ ಮತ್ತೆ ಸಿಗಲಿಲ್ಲ. ಬಾರ್ಸಿಲೋನಾದಲ್ಲಿ ಅವರು ಈಜಲಿಲ್ಲ, ಸ್ಪರ್ಧೆಗೆ ವಿದಾಯ ಹೇಳಿದರು. ಒಂದೇ ಒಲಿಂಪಿಕ್ ಚಿನ್ನದ ವೃತ್ತಿಜೀವನ ಎಂದು ಇದನ್ನು ಕಿರಿದಾಗಿ ಕಾಣುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿಶ್ವದಾಖಲೆ ಒಮ್ಮೆಯೂ ತಮ್ಮ ಹೆಸರಿನಲ್ಲಿರದೆ, ಅದನ್ನು ಹೊಂದಿದ್ದ ಇಬ್ಬರನ್ನು ಸೋಲಿಸಿ ಒಲಿಂಪಿಕ್ ಫೈನಲ್ ಗೆಲ್ಲುವುದು ಬಹಳ ದೊಡ್ಡ ಸಾಧನೆ.

ಆಮೇಲೆ ಅವರ ಹೆಸರೇ ಕೇಳಲಿಲ್ಲವಲ್ಲ ಎಂದು ನಿಮಗೆ ಅನ್ನಿಸಬಹುದು. ಕೊಳದಲ್ಲಿ ಕೇಳದಿರಬಹುದು, ಜಪಾನಿನ ಕ್ರೀಡಾಡಳಿತದಲ್ಲಿ ಅವರಷ್ಟು ಎತ್ತರಕ್ಕೆ ಏರಿದ ಈಜುಪಟುಗಳು ವಿರಳ. ಜುಂತೆಂದೊದಲ್ಲೇ ಓದು ಮುಂದುವರಿಸಿ ಡಾಕ್ಟರೇಟ್ ಪಡೆದು ಅಲ್ಲೇ ಪ್ರಾಧ್ಯಾಪಕರಾದರು. ನಡುವೆ ಅಮೆರಿಕಕ್ಕೆ ಹೋಗಿ ಹಾರ್ವರ್ಡ್‌ನಲ್ಲಿ ಅತಿಥಿ ಕೋಚ್ ಆಗಿದ್ದರು, ಬರ್ಕಾಫ್ ಈಜಿದ ವಿಶ್ವವಿದ್ಯಾಲಯದಲ್ಲೇ. 2013ರಲ್ಲಿ ಜಪಾನ್ ಈಜು ಒಕ್ಕೂಟದ ಅಧ್ಯಕ್ಷರಾದಾಗ ವಯಸ್ಸು 46. ಟೋಕಿಯೊಗೆ ಒಲಿಂಪಿಕ್ಸ್ ಖಚಿತವಾದ ಮೇಲೆ ಸರ್ಕಾರ ಶಿಕ್ಷಣ ಸಚಿವಾಲಯದಡಿ ಕ್ರೀಡಾ ಏಜೆನ್ಸಿ ಸ್ಥಾಪಿಸಿತು. 2015ರ ಅಕ್ಟೋಬರ್‌ನಲ್ಲಿ ಅದರ ಮೊದಲ ಆಯುಕ್ತರಾಗಿ ಸುಜುಕಿ ಬಂದರು, 2020ರ ಸೆಪ್ಟೆಂಬರ್‌ವರೆಗೆ ಇದ್ದರು. ಅವರ ನಂತರ ಆ ಕುರ್ಚಿಗೆ ಬಂದವರು ಹ್ಯಾಮರ್ ಥ್ರೋ ಒಲಿಂಪಿಕ್ ಚಾಂಪಿಯನ್ ಕೋಜಿ ಮುರೊಫುಶಿ. ಪದಕಗಳ ಜೊತೆಗೆ ಜನಸಾಮಾನ್ಯರನ್ನು ಮೈಬಗ್ಗಿಸುವಂತೆ ಮಾಡುವುದೂ ಏಜೆನ್ಸಿಯ ಹೊಣೆಯಾಗಿತ್ತು. ವಾರಕ್ಕೊಮ್ಮೆಯಾದರೂ ಕ್ರೀಡೆಯಲ್ಲಿ ತೊಡಗುವ ವಯಸ್ಕರ ಪ್ರಮಾಣವನ್ನು 65 ಶೇಕಡಕ್ಕೆ ಏರಿಸುವ ಗುರಿಯಿಟ್ಟದ್ದು, ಆಫೀಸಿಗೆ ಸ್ನೀಕರ್ಸ್ ಹಾಕಿಕೊಂಡು ನಡೆದು ಹೋಗಿ ಎಂಬ ಅಭಿಯಾನ ನಡೆಸಿದ್ದು ಅವರ ಅವಧಿಯಲ್ಲೇ. ಆಮೇಲೆ ಈಜು ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಮರಳಿದರು.

ಗುರು ಯೋಜಿಯ ಕೆಲಸವೂ ಅಲ್ಲಿಗೆ ನಿಲ್ಲಲಿಲ್ಲ. 2004ರ ಅಥೆನ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಕಂಚು ಗೆದ್ದ ತೊಮೊಮಿ ಮೊರಿತಾ ಅವರ ಶಿಷ್ಯರೇ. ಬೆಳ್ಳಿ ತಪ್ಪಿದ್ದು 0.01 ಸೆಕೆಂಡಿನಿಂದ.

ನಿಮ್ಮ ಮಗಳಿಗೆ ತೋರಿಸಲು ಇನ್ನೊಬ್ಬರ ಹೆಸರು ಹೇಳುತ್ತೇನೆ, ರ್‍ಯೊಸುಕೆ ಇರಿಯೆ. 2012ರ ಲಂಡನ್‌ನಲ್ಲಿ 200 ಮೀಟರ್ ಬೆಳ್ಳಿ, 100 ಮೀಟರ್ ಕಂಚು, ಮೆಡ್ಲೆ ರಿಲೇ ಬೆಳ್ಳಿ ಗೆದ್ದವರು, 2024ರಲ್ಲಿ ನಿವೃತ್ತರಾದರು. ಸುಜುಕಿಗೆ ಸರಿ ವಿರುದ್ಧ ಬಗೆಯವರು. ಅವರ ಬಲವೆಲ್ಲ ನೀರಿನ ಮೇಲಿನ ಸ್ಟ್ರೋಕ್‌ನಲ್ಲಿ. ಹಣೆಯ ಮೇಲೆ ನೀರಿನ ಬಾಟಲಿ ನಿಲ್ಲಿಸಿಕೊಂಡು ಅದು ಬೀಳದಂತೆ ಈಜುವ ಅವರ ದೃಶ್ಯ ಪ್ರಸಿದ್ಧ. ಭುಜ ಎಷ್ಟು ಹೊರಳಿದರೂ ತಲೆ ಕದಲುತ್ತಿರಲಿಲ್ಲ. ಮಕ್ಕಳಿಗೆ ಅರ್ಧ ತುಂಬಿದ ಪ್ಲಾಸ್ಟಿಕ್ ಲೋಟ ಸಾಕು. 25 ಮೀಟರ್ ನಿಧಾನವಾಗಿ, ಲೋಟ ಬಿದ್ದರೆ ಅಲ್ಲಿಂದಲೇ ಮತ್ತೆ ಶುರು. ಲೋಟ ಪಕ್ಕಕ್ಕೆ ಬಿದ್ದರೆ ತಲೆ ಹೊರಳುತ್ತಿದೆ, ಕಾಲಿನ ಕಡೆಗೆ ಬಿದ್ದರೆ ಗಲ್ಲ ಎದೆಗೆ ಒತ್ತಿ ಸೊಂಟ ಮುಳುಗುತ್ತಿದೆ ಎಂದರ್ಥ.

12 ವರ್ಷದ ಮಗುವಿಗೆ ನೀರಿನಡಿ 15 ಮೀಟರ್ ಗುರಿಯಾಗಬಾರದು. ನನ್ನ ಸಲಹೆ, ಮೊದಲ ಹಂತದಲ್ಲಿ 5ರಿಂದ 6 ಕಿಕ್, ಹೆಚ್ಚುಕಡಿಮೆ 8ರಿಂದ 10 ಮೀಟರ್. ಗೋಡೆ ಒದ್ದ ಕೂಡಲೇ ಕಿಕ್ ಶುರು ಮಾಡಬಾರದು. ಒದ್ದಾಗಿನ ವೇಗ ಕಿಕ್‌ನಿಂದ ಬರುವ ವೇಗಕ್ಕಿಂತ ಹೆಚ್ಚಿರುತ್ತದೆ, ಆಗಲೇ ಕಾಲು ಆಡಿಸಿದರೆ ಅದು ಬ್ರೇಕ್ ಆಗುತ್ತದೆ. ಕೈ ಚಾಚಿ ಒಂದು ಕ್ಷಣ ಜಾರಿ, ವೇಗ ಇಳಿಯುತ್ತಿದೆ ಅನ್ನಿಸಿದಾಗ ಮೊದಲ ಕಿಕ್. ಆಳ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಪಾದ ನೀರಿನಿಂದ ಹೊರಬಂದು ಚಿಮ್ಮುತ್ತಿದ್ದರೆ ಆಳ ಸಾಲದು. ಸಾಮಾನ್ಯ ತಪ್ಪು ಮೊಣಕಾಲಿನಿಂದ ಒದೆಯುವುದು, ಸೈಕಲ್ ತುಳಿದಂತೆ ತೊಡೆ ಮಡಚುತ್ತದೆ, ತೊಡೆಯ ಅಗಲವೆಲ್ಲ ನೀರಿಗೆ ತಡೆ. ಚಲನೆ ಹೊಟ್ಟೆಯಿಂದ ಶುರುವಾಗಿ ಪಾದಕ್ಕೆ ಹೋಗಬೇಕು, ಪಾದವನ್ನು ಕೆಳಗೆ ಒಯ್ಯುವ ಅರ್ಧ ಕಿಕ್‌ಗೂ ಬಲವಿರಬೇಕು. ತಲೆ ಹಿಂದಕ್ಕೆ ಬಾಗಿದರೆ ದೇಹ ದಾರಿ ತಪ್ಪುತ್ತದೆ, ಎರಡು ತೋಳಿನ ನಡುವೆ ಕಿವಿ ಮುಚ್ಚಿಕೊಂಡಿರಲಿ.

ಮೂಗಿಗೆ ನೀರು ನುಗ್ಗುವುದು ಬೆನ್ನ ಮೇಲಿನ ಕಿಕ್‌ನಲ್ಲಿ ಎಲ್ಲ ಮಕ್ಕಳ ಕಷ್ಟ. ಮೂಗಿನಿಂದ ಸಣ್ಣಗೆ, ಎಡೆಬಿಡದೆ ಗಾಳಿ ಬಿಡುತ್ತಿರಬೇಕು. ಒಮ್ಮೆಲೇ ಊದಿಬಿಟ್ಟರೆ ಮೂರನೇ ಕಿಕ್‌ಗೇ ಗಾಳಿ ಮುಗಿದು ಗಾಬರಿಯಲ್ಲಿ ಮೇಲೇಳುತ್ತಾರೆ. ಕೆಲವರು ಮೇಲ್ತುಟಿಯನ್ನು ಹೊಳ್ಳೆಗಳಿಗೆ ಒತ್ತಿ ಮುಚ್ಚುವುದನ್ನು ಕಲಿಯುತ್ತಾರೆ, ಎಲ್ಲರ ಮುಖಕ್ಕೂ ಅದು ಆಗುವುದಿಲ್ಲ. ಮೇಲೆ ಬರುವಾಗ ಕೊನೆಯ ಎರಡು ಕಿಕ್‌ನಲ್ಲಿ ನಿಧಾನಕ್ಕೆ ಏರುತ್ತಾ, ತಲೆ ಹೊರಬರುವ ಮೊದಲೇ ಒಂದು ಕೈಯಿಂದ ಮೊದಲ ಸ್ಟ್ರೋಕ್ ಎಳೆಯಬೇಕು. ಪೂರ್ತಿ ಮೇಲೆ ಬಂದು ಆಮೇಲೆ ಕೈ ಎಳೆದರೆ ನೀರಿನಡಿ ಗಳಿಸಿದ್ದೆಲ್ಲ ಅಲ್ಲೇ ಸೋರಿಹೋಗುತ್ತದೆ.

ಅವಳಿಗೆ ಎಷ್ಟು ಕಿಕ್ ಸರಿ ಎಂದು ಕಂಡುಹಿಡಿಯಲು ಸ್ಟಾಪ್‌ವಾಚ್ ಸಾಕು. ಗೋಡೆ ಒದ್ದು 25 ಮೀಟರ್ ಪೂರ್ಣ ವೇಗದಲ್ಲಿ, 4 ಕಿಕ್‌ನಿಂದ ಎರಡು ಸಲ, 6ರಿಂದ ಎರಡು ಸಲ, 8ರಿಂದ ಎರಡು ಸಲ. ನಡುನಡುವೆ ಮೂರು ನಿಮಿಷ ವಿಶ್ರಾಂತಿ. ಬರೀ 15 ಮೀಟರ್‌ಗೆ ಸಮಯ ಹಿಡಿಯಬೇಡಿ, ಅದರಲ್ಲಿ ಹೆಚ್ಚು ಕಿಕ್‌ನದ್ದೇ ಚೆನ್ನಾಗಿ ಕಾಣಬಹುದು. ಬೆಲೆ ತೆರುವುದು ಆಮೇಲಿನ 10 ಮೀಟರ್‌ನಲ್ಲಿ. 25ರ ಒಟ್ಟು ಸಮಯ ಯಾವುದರಲ್ಲಿ ಕಡಿಮೆಯೋ ಅದು ಅವಳ ಸಂಖ್ಯೆ. ನಂತರ ಅದೇ ಸಂಖ್ಯೆಯನ್ನು 25 ಮೀಟರ್ ಕೊಳದಲ್ಲಿ 100 ಮೀಟರ್‌ನ ನಾಲ್ಕೂ ಗೋಡೆಗಳಲ್ಲಿ ಉಳಿಸಿಕೊಳ್ಳಬಲ್ಲಳೇ ನೋಡಿ. ಮೊದಲ ಗೋಡೆಯಲ್ಲಿ 6, ಕೊನೆಯದರಲ್ಲಿ 2 ಎಂದಾದರೆ ಎಲ್ಲದರಲ್ಲೂ 4 ಇಟ್ಟುಕೊಳ್ಳುವುದು ಮೇಲು.

ಒಂದು ವಿಷಯದಲ್ಲಿ ರಾಜಿ ಬೇಡ. ಉಸಿರು ಕಟ್ಟಿ ಎಷ್ಟು ದೂರ ಹೋಗಬಲ್ಲೆ ಎಂಬ ಪಂದ್ಯ ಮಕ್ಕಳ ನಡುವೆ ನಡೆಯಲು ಬಿಡಬೇಡಿ. ಮುಳುಗುವ ಮೊದಲು ಬೇಗಬೇಗ ಜೋರಾಗಿ ಉಸಿರಾಡಿದರೆ ಹೆಚ್ಚು ಹೊತ್ತು ಇರಬಹುದು ಎಂದು ಮಕ್ಕಳು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಉಸಿರು ಬೇಕು ಎಂದು ದೇಹ ಕೂಗುವುದು ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ. ಬೇಗಬೇಗ ಉಸಿರಾಡಿದರೆ ಅದು ಹೊರಹೋಗಿ ಆ ಕೂಗೇ ತಡವಾಗುತ್ತದೆ. ಅಷ್ಟರಲ್ಲಿ ಮಿದುಳಿಗೆ ಆಮ್ಲಜನಕ ಸಾಲದೆ ಮುನ್ಸೂಚನೆಯಿಲ್ಲದೆ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೇ ಹೀಗೆ ಸಾಯುತ್ತಾರೆ, ಸೊಂಟದುದ್ದದ ನೀರಿನಲ್ಲೂ. ನೀರಿನಡಿಯ ಅಭ್ಯಾಸವನ್ನು ಕೋಚ್ ಕಣ್ಣೆದುರಿಗೇ ಮಾಡಬೇಕು, ಪ್ರತಿ ಸಲದ ನಡುವೆ ಉಸಿರು ಪೂರ್ತಿ ಸಹಜಕ್ಕೆ ಬರಬೇಕು, ತಲೆ ಹಗುರಾದಂತೆ ಅನ್ನಿಸಿದರೆ ಆ ದಿನಕ್ಕೆ ಅಷ್ಟೇ.

ಸಮಯಗಳು ಎಲ್ಲಿಂದ ಎಲ್ಲಿಗೆ ಬಂದಿವೆ ಎಂಬ ಅಂದಾಜು ಮಗಳಿಗೆ ಇರಲಿ ಎಂದು ಇದನ್ನೂ ಹೇಳುತ್ತೇನೆ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2024ರ ಪ್ಯಾರಿಸ್ ಒಲಿಂಪಿಕ್ಸ್ ಹೀಟ್ಸ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 55.01 ಸೆಕೆಂಡಿಗೆ ಮುಗಿಸಿದರು. ಸುಜುಕಿಯ ಚಿನ್ನದ ಸಮಯಕ್ಕಿಂತ 0.04 ಕಡಿಮೆ, ಆದರೂ ಸೆಮಿಫೈನಲ್‌ಗೆ ಸಾಲಲಿಲ್ಲ. 2021ರಲ್ಲಿ ರೋಮ್‌ನಲ್ಲಿ ಅವರು ಈಜಿದ 53.77 ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟವಾದ 53.85ಕ್ಕಿಂತ ಒಳಗಿತ್ತು. ಅದೂ 15 ಮೀಟರ್ ಮಿತಿಯೊಳಗೆ. ಸ್ಟಾರ್ಟ್‌ನ 15, ಟರ್ನ್‌ನ 15 ಸೇರಿಸಿದರೆ 50 ಮೀಟರ್ ಕೊಳದಲ್ಲಿ ಈಗಲೂ 100ರಲ್ಲಿ 30 ಮೀಟರ್ ನೀರಿನಡಿಯೇ ಸಾಗಬಹುದು, ಎರಡು ಕಂತಿನಲ್ಲಿ. ಎರಡನೇ ಕಂತು ಕಷ್ಟದ್ದು. 50 ಮೀಟರ್ ಈಜಿ ಏದುಸಿರು ಬಿಡುತ್ತಿರುವಾಗ ಮತ್ತೆ ಉಸಿರು ಕಟ್ಟಬೇಕು. ಹೆಚ್ಚಿನವರು ಕಿಕ್ ಕಡಿಮೆ ಮಾಡಿಬಿಡುವುದು ಅಲ್ಲೇ. ಆದ್ದರಿಂದ ಮಗಳ ಅಭ್ಯಾಸದಲ್ಲಿ ಸ್ಟಾರ್ಟ್‌ಗಿಂತ ಟರ್ನ್ ನಂತರದ ಕಿಕ್‌ಗಳಿಗೆ ಹೆಚ್ಚು ಹೊತ್ತು ಕೊಡಿ. ಈ ವಯಸ್ಸಿನಲ್ಲಿ ಎತ್ತರ ಬೇಗ ಬೇಗ ಬದಲಾಗುವುದರಿಂದ ಮೇಲೆ ಹೇಳಿದ 25 ಮೀಟರ್ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿ ಸಂಖ್ಯೆಯನ್ನು ತಿದ್ದಿಕೊಳ್ಳಿ.